ನಲವತ್ತು ಸೆಕೆಂಡಿನ ಕಾಕಾ

ಕಕ್ಕೇರಾ, ತಾ. ಸುರಪುರ
ಶನಿವಾರ, ೧೬ ನವೆಂಬರ್ ೨೦೨೪
ಮಧ್ಯಾಹ್ನ, ಅಪ್ಪನ ಗಿರಣಿಯ ಕಟ್ಟೆಯ ಮೇಲೆ

ಪ್ರೀತಿಯ ರಾಮಲಿಂಗ ಕಾಕಾ,

ನಿನ್ನ ಅಣ್ಣನ ಹಿರಿಯ ಮಗಳೂ, ಕಕ್ಕೇರಾ ಪಟ್ಟಣದ ಸಿನೆಮಾ ಪರಿಶೀಲನಾ ಮಂಡಳಿಯ ಅಧ್ಯಕ್ಷಳೂ, ಕಾರ್ಯದರ್ಶಿಯೂ, ಏಕೈಕ ಸದಸ್ಯಳೂ ಆದ ಲಚ್ಚಿಯ ನಮಸ್ಕಾರಗಳನ್ನು ಸ್ವೀಕರಿಸುವುದು. ಹೇಗಿದ್ದೀ? ಹೈದರಾಬಾದಿನಲ್ಲಿ ಜೋಳದ ರೊಟ್ಟಿ ಸಿಗುತ್ತದೋ, ಇಲ್ಲಾ ಮೂರು ಹೊತ್ತೂ ಅನ್ನ ಉಂಡು ಮುಖ ಬಾತಿದೆಯೋ? ಶೂಟಿಂಗಿನ ದೊಡ್ಡ ದೊಡ್ಡ ಲೈಟು ಹೊತ್ತು ಬಲಭುಜ ನೋಯುತ್ತದೆ ಅನ್ನುತ್ತಿದ್ದೆಯಲ್ಲ, ಈಗ ಹೇಗಿದೆ? ಅಜ್ಜಿ ಮಾಡಿಕೊಟ್ಟಿದ್ದ ಎಣ್ಣೆಯ ಬಾಟಲಿ ನಮ್ಮ ಅಟ್ಟದ ಮೇಲೆಯೇ ಉಳಿದಿದೆ, ನೀನು ಬಿಟ್ಟುಹೋದ ಚಪ್ಪಲಿಯ ಪಕ್ಕದಲ್ಲಿ. ಇಲ್ಲಿ ಎಲ್ಲರೂ ಕ್ಷೇಮ. ಬಸವಂತ್ರಾಯ ಅಜ್ಜನ ಮೊಣಕಾಲು ಚಳಿ ಬಂದಾಗ ನೋಯುತ್ತದೆ, ಜಗಳ ಬಂದಾಗ ನೋಯುವುದಿಲ್ಲ. ಮಲ್ಲಾಬಾಯಿ ಅಜ್ಜಿಯ ಹಲ್ಲು ಇನ್ನೊಂದು ಬಿದ್ದು ಒಟ್ಟು ಆರು ಉಳಿದಿವೆ. ಆ ಆರರಲ್ಲೇ ಅಡಿಕೆ ಅಗಿಯುತ್ತಾಳೆ. ಹಿಟ್ಟಿನ ಗಿರಣಿಗೆ ಹೊಸ ಬೆಲ್ಟು ಬಂದಿದೆ. ಹತ್ತಿ ಬಿಡಿಸುವ ಕೆಲಸ ಅರ್ಧ ಮುಗಿದಿದೆ, ಆದ್ದರಿಂದ ಊರಿನಲ್ಲಿ ಎಲ್ಲರ ತಲೆಯ ಮೇಲೂ ಒಂದೊಂದು ಎಳೆ ಹತ್ತಿ ಅಂಟಿಕೊಂಡು, ಎಲ್ಲರೂ ಈಗಷ್ಟೇ ನಿದ್ದೆಯಿಂದ ಎದ್ದವರಂತೆ ಕಾಣುತ್ತಾರೆ.

ಏಳು ತಿಂಗಳಾಯಿತು, ನಮ್ಮ ಮನೆಯ ಯಾವ ನಂಬರಿನಿಂದ ಹಚ್ಚಿದರೂ ನಿನ್ನ ಫೋನು ರಿಂಗಾಗುವುದಿಲ್ಲ. ಅಪ್ಪ ಪ್ರತಿ ಭಾನುವಾರ ಗಿರಣಿ ನಿಲ್ಲಿಸಿದ ಮೇಲೆ ಹಿಟ್ಟಿನ ಬೆರಳಿನಿಂದಲೇ ನಿನ್ನ ನಂಬರು ಒತ್ತಿ, ಕಿವಿಗೆ ಹಿಡಿದು, ಏನೂ ಕೇಳದೆ ಕೆಳಗಿಟ್ಟು, "ನಾ ಏನ್ ಅಂದೆನವ್ವಾ ಅವಂಗ?" ಎಂದು ನನ್ನನ್ನೇ ಕೇಳುತ್ತಾನೆ. ಪತ್ರವನ್ನು ಬ್ಲಾಕ್ ಮಾಡುವ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವನು ಸರದಾರಸಾಬ. ಕಳೆದ ವಾರ ಮದುವೆಯ ಜನರನ್ನು ತನ್ನ ಕ್ರೂಸರ್ ಜೀಪಿನಲ್ಲಿ ಹೈದರಾಬಾದಿಗೆ ಕರೆದುಕೊಂಡು ಹೋದಾಗ ನೀನು ಚಹಾದ ಅಂಗಡಿಯಲ್ಲಿ ಸಿಕ್ಕೆಯಂತೆ. ಬೀಡಿ ಕಟ್ಟಿನ ಕಾಗದದ ಮೇಲೆ ನಿನ್ನ ಕೋಣೆಯ ನಂಬರು ಬರೆದು ತಂದಿದ್ದಾನೆ. ಜೊತೆಗೆ ಇನ್ನೊಂದು ಮಾತನ್ನೂ ತಂದಿದ್ದಾನೆ. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀನು ಪತ್ರವನ್ನು ಅರ್ಧಕ್ಕೇ ಮಡಚಿಡುತ್ತೀ, ಮಂಡಳಿಯ ಏಳು ತಿಂಗಳ ವರದಿ ವ್ಯರ್ಥವಾಗುತ್ತದೆ.

ಹೌದು, ಮಂಡಳಿ ಕೆಲಸ ನಿಲ್ಲಿಸಿಲ್ಲ. ನೀನು ಊರಿಗೆ ಬಂದಾಗಲೆಲ್ಲ ಕೇಳುತ್ತಿದ್ದೆ, "ಖರೇ ಹೇಳು ಲಚ್ಚಿ, ಪಿಚ್ಚರ್ ಹೆಂಗದ? ನನ್ನ ಮಾರಿ ನೋಡಿ ಹೇಳಬ್ಯಾಡ" ಎಂದು. ನಾನೇನು ತಿಳಿದವಳಲ್ಲ, ಕಾಲೇಜಿಗೆ ರಜೆ ಸಿಕ್ಕರೆ, ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆ, ಅಜ್ಜಿಯ ಜೊತೆ ಹೋಗಿ ಕೂತು ಬರುವವಳು. ಆದರೆ ಅಳತೆಗೋಲು ಮಾತ್ರ ಪಕ್ಕಾ. ಅಜ್ಜಿಯ ಎಲೆಅಡಿಕೆಯ ಚಂಚಿ ಗೊತ್ತಲ್ಲ? ಸಿನೆಮಾ ಅವಳನ್ನು ಹಿಡಿದು ಕೂರಿಸಿದರೆ ಚಂಚಿ ಬಿಚ್ಚುವುದಿಲ್ಲ. ಬೇಸರ ಬಂದ ಕ್ಷಣ ದಾರ ಎಳೆಯುತ್ತಾಳೆ. ಎಷ್ಟು ಸಲ ಚಂಚಿ ಬಿಚ್ಚಿದಳೋ ಅಷ್ಟು ಸಿನೆಮಾ ಸೋತಿತು.

ಮೊದಲನೆಯದು, ಆಗಸ್ಟಿನಲ್ಲಿ ಯಾದಗಿರಿಯಲ್ಲಿ ನೋಡಿದ ಮಹಾ ಸಿನೆಮಾ. ಎರಡು ವರ್ಷದಿಂದ ಅದರ ಪೋಸ್ಟರು ನೋಡಿ ನೋಡಿ, ನನ್ನ ಗೆಳತಿ ಅರ್ಜುಮಂದ ಅದಕ್ಕಾಗಿಯೇ ಹೊಸ ದುಪಟ್ಟಾ ತೆಗೆದಿಟ್ಟಿದ್ದಳು. ನಾಯಕನ ಮುಖ ಕಾಣಿಸಲು ಹದಿನೇಳು ನಿಮಿಷ ಬೇಕಾಯಿತು. ಮೊದಲು ಅವನ ಬೂಟು ಬಂತು, ಆಮೇಲೆ ನೆರಳು, ಆಮೇಲೆ ಬೀಡಿಯ ಹೊಗೆ, ಆಮೇಲೆ ಬೆನ್ನು. ಅಜ್ಜಿ ನಾಲ್ಕು ಸಾಲಿಗೆ ಕೇಳುವ ಹಾಗೆ, "ಯಾಕ ಇಷ್ಟ ಸಾವಕಾಶ ನಡೀತಾನ, ಕಾಲಾಗ ಮುಳ್ಳ ನಟ್ಟದೇನ?" ಎಂದಳು. ಚಂಚಿ ಆರು ಸಲ ಬಿಚ್ಚಿತು. ಆದರೆ ಖರೇ ಹೇಳಬೇಕಲ್ಲ, ಒಂದು ಜಾಗದಲ್ಲಿ ಮಾತಿಲ್ಲ, ಬಾಜಾ ಇಲ್ಲ, ಬೆಳಗಿನ ಮಂಜಿನಲ್ಲಿ ಬಿಳಿಯ ಕುದುರೆಗಳು ಹೊಳೆ ದಾಟಿದವು. ಅಷ್ಟೇ. ಯಾಕೆ ದಾಟಿದವು, ಆಚೆ ಏನಿತ್ತು, ಕೇಳಬೇಡ. ಆಗ ಟಾಕೀಜಿನೊಳಗೆ ತಣ್ಣಗೆ ನೀರಿನ ವಾಸನೆ ಬಂದಂತಾಯಿತು. ಎರಡು ವರ್ಷದ ಪೋಸ್ಟರಿನಲ್ಲಿ ಆ ಕುದುರೆಗಳು ಒಂದೂ ಇರಲಿಲ್ಲ ನೋಡು.

ಎರಡನೆಯದು ಸುರಪುರದಲ್ಲಿ, ದೆವ್ವದ್ದು. ಗಟ್ಟಿ ಎದೆಯವರು ಮಾತ್ರ ಬರಬೇಕೆಂದು ಹೊರಗೆ ಬೋರ್ಡು ಹಾಕಿದ್ದರು. ಅಜ್ಜಿ ಬೋರ್ಡಿನ ಕೆಳಗೇ ನಿಂತು ಶೇಂಗಾ ತಿಂದಳು. ಇಂಟರ್ವಲ್ಲಿನ ತನಕ ನನಗೆ ನಿಜಕ್ಕೂ ಹೆದರಿಕೆ ಆಯಿತು, ಅರ್ಜುಮಂದಳ ಹೊಸ ದುಪಟ್ಟಾದ ಅಂಚು ನನ್ನ ಹಲ್ಲಿನಲ್ಲಿತ್ತು. ಆಮೇಲೆ ದೆವ್ವ ತಾನು ಯಾಕೆ ದೆವ್ವವಾದೆ ಎಂದು ಮುಕ್ಕಾಲು ತಾಸು ಭಾಷಣ ಮಾಡಿತು. ಹೆದರಿಕೆ ಹೋಗಿ ಹೋಮ್‌ವರ್ಕಿನ ನೆನಪು ಬಂತು. ಕೂದಲು ಕೆದರಿಕೊಂಡು ಅದು ಬಾವಿಯಿಂದ ಎದ್ದಾಗ ಅಜ್ಜಿ, "ಪಾಪ, ಎಣ್ಣಿ ಹಚ್ಚವರಿಲ್ಲ ಅಕೀಗಿ" ಎಂದು ಲೊಚಗುಟ್ಟಿದಳು. ಅಲ್ಲಿಂದಾಚೆ ಆ ದೆವ್ವಕ್ಕೆ ಯಾರೂ ಹೆದರಲಿಲ್ಲ. ಚಂಚಿ ಮೂರು.

ಮೂರನೆಯದು ಶಹಾಪುರದಲ್ಲಿ. ಅದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಬಸ್ಸು ತಪ್ಪಿತು, ಬಿಸಿಲಿತ್ತು, ಹೋಗಿ ಕೂತೆವು. ಒಳಗೆ ಒಟ್ಟು ಹನ್ನೊಂದು ಜನ. ರೈಲ್ವೆ ಗೇಟು ಹಾಕುವ ಒಬ್ಬ ಹೆಂಗಸು. ಗೇಟು ಹಾಕುತ್ತಾಳೆ, ರೈಲು ಹೋಗುತ್ತದೆ, ಗೇಟು ತೆಗೆಯುತ್ತಾಳೆ. ಮಂಡಳಿಯ ಅಧ್ಯಕ್ಷಳಿಗೆ ನಿದ್ದೆ ಬಂತೆಂದು ಇಲ್ಲಿ ವಿಷಾದದಿಂದ ದಾಖಲಿಸುತ್ತೇನೆ. ಆದರೆ ಕಾಕಾ, ಅದು ಪೂರ್ತಿ ನಿದ್ದೆಯಲ್ಲ. ಕಣ್ಣು ಮುಚ್ಚಿದರೂ ಗೇಟಿನ ಗಂಟೆ ಕೇಳುತ್ತಿತ್ತು, ತೆರೆದರೂ ಕನಸು ನಿಲ್ಲುತ್ತಿರಲಿಲ್ಲ. ಹಳಿಯ ಮೇಲೆ ಒಂದು ನವಿಲು ನಡೆದುಹೋಯಿತು. ಒಂದು ರೈಲಿನ ಕಿಟಕಿಗಳಲ್ಲೆಲ್ಲ ಹಣತೆ ಇಟ್ಟಿದ್ದರು. ಇನ್ನೊಂದು ರೈಲಿನ ಬಾಗಿಲಲ್ಲಿ ನೀನು ನಿಂತಿದ್ದೆ, ಕೈಯಲ್ಲಿ ನಿನ್ನ ಚಪ್ಪಲಿ ಹಿಡಿದುಕೊಂಡು. ನಾನು ಕರೆದೆ, ಆ ಹೆಂಗಸು ತುಟಿಯ ಮೇಲೆ ಬೆರಳಿಟ್ಟಳು, ರೈಲು ನಿಧಾನ ಮಾಡಿತು, ಆದರೆ ನಿಲ್ಲಲಿಲ್ಲ. ಹೊರಗೆ ಬಂದ ಮೇಲೆ ಅಜ್ಜಿಯನ್ನು ಕೇಳಿದೆ. ನವಿಲು ಇರಲಿಲ್ಲವಂತೆ, ಹಣತೆ ಇದ್ದವಂತೆ. ನಿನ್ನ ಬಗ್ಗೆ ಕೇಳುವ ಧೈರ್ಯವಾಗಲಿಲ್ಲ. ಚಂಚಿ ಒಂದು ಸಲವೂ ಬಿಚ್ಚಿರಲಿಲ್ಲ. ಆ ಸಿನೆಮಾ ಚೆನ್ನಾಗಿತ್ತೋ, ನನ್ನ ನಿದ್ದೆ ಚೆನ್ನಾಗಿತ್ತೋ, ಮಂಡಳಿ ಇನ್ನೂ ತೀರ್ಮಾನಿಸಿಲ್ಲ.

ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಬರುವಾಗ ಶಹಾಪುರದ ಗುಡ್ಡ ಕಂಡಿತು. ನಿನ್ನೊಡನೆ ಎಷ್ಟು ಸಲ ನೋಡಿದ್ದೇನೆ, ಮನುಷ್ಯ ಅಂಗಾತ ಮಲಗಿದ ಹಾಗೆ, ಹಣೆ, ಮೂಗು, ಗದ್ದ, ಎದೆ. ಜನ ಬುದ್ಧ ಮಲಗಿದ್ದಾನೆ ಅನ್ನುತ್ತಾರೆ. ಸೂರ್ಯ ಇಳಿಯುತ್ತಿದ್ದ, ಬಸ್ಸು ಓಡುತ್ತಿತ್ತು, ಗುಡ್ಡವೂ ನಮ್ಮ ಜೊತೆ ಸ್ವಲ್ಪ ದೂರ ಮಲಗಿಕೊಂಡೇ ಬಂತು. ಅದರ ಎದೆ ಏರುತ್ತದೆಯೋ ಎಂದು ನೋಡುತ್ತಲೇ ಇದ್ದೆ. ಯುಗಯುಗದಿಂದ ಒಂದು ಸಲವೂ ಅಲುಗದೆ ಮಲಗುವುದು ಎಂಥ ಅಭಿನಯ, ಇದನ್ನು ನೋಡಿ ನಮ್ಮ ಕಾಕಾ ಕಲಿಯಬೇಕಿತ್ತು ಎಂದುಕೊಂಡೆ. ನಗು ಬಂತು. ಆಮೇಲೆ ಬರಲಿಲ್ಲ.

ಈಗ ನಾಲ್ಕನೆಯ ಸಿನೆಮಾ. ನಿನ್ನದು. ನಿನಗೆ ಗೊತ್ತಿದ್ದದ್ದನ್ನೇ ಹೇಳುತ್ತೇನೆ, ಆದರೆ ನೀನು ಸಾಲಿನ ಆ ತುದಿಗೆ ಕೂತಿದ್ದೆ, ನಾನು ಈ ತುದಿಗೆ ಅಜ್ಜ ಅಜ್ಜಿಯ ನಡುವೆ. ಯುಗಾದಿಗೆ ಬಂದವನು ಎರಡು ವಾರ ಊರೆಲ್ಲ ತಿರುಗಿ, "ಇಂಟರ್ವಲ್ ಆದ ಮ್ಯಾಲ ಕಣ್ಣ ಮಿಟುಕಿಸಬ್ಯಾಡ್ರಿ, ನಾನಽ ಬರ್ತೀನಿ" ಎಂದು ಹೇಳಿದ್ದೆ. ಏನು ಪಾತ್ರ ಎಂದರೆ ಬಾಯಿ ಬಿಡಲಿಲ್ಲ. ಸರದಾರಸಾಬನ ಕ್ರೂಸರಿನಲ್ಲಿ ಹತ್ತೊಂಬತ್ತು ಜನ ಶಹಾಪುರದ ಟಾಕೀಜಿಗೆ ಮಧ್ಯಾಹ್ನದ ಆಟಕ್ಕೆ ಬಂದೆವು. ಅಜ್ಜ ತಲೆಗೆ ಪಟಗ ಸುತ್ತಿದ್ದ. ಅಪ್ಪ ಗಿರಣಿಗೆ ಬೀಗ ಹಾಕಿದ್ದ, ನನಗೆ ಬುದ್ಧಿ ಬಂದ ಮೇಲೆ ಹಬ್ಬವಲ್ಲದ ದಿನ ಬೀಗ ಬಿದ್ದದ್ದು ಅದೇ ಮೊದಲು. ಇಂಟರ್ವಲ್ ಆಯಿತು. ಹಾಡು ಮುಗಿಯಿತು. ಹಳ್ಳಿಯ ಓಣಿ, ಜನ, ಬಿದಿರಿನ ಚಟ್ಟ, ಅದರ ಮೇಲೆ ಬಿಳಿ ಬಟ್ಟೆ ಹೊದ್ದು, ಮೂಗಿನಲ್ಲಿ ಹತ್ತಿ ಇಟ್ಟುಕೊಂಡು, ನಮ್ಮ ಕಾಕಾ.

ಆಮೇಲೆ ಅಜ್ಜಿ ಹಾಡಿಕೊಂಡು ಅಳಲು ಶುರು ಮಾಡಿದಳು. ಕಕ್ಕೇರಾದಲ್ಲಿ ಯಾರು ಸತ್ತರೂ ಮೊದಲು ಅಜ್ಜಿಯನ್ನೇ ಕರೆಯುತ್ತಾರೆ, ಅವಳು ಹಾಡಿ ಅತ್ತರೆ ಮಾತ್ರ ಸತ್ತವರಿಗೆ ಸತ್ತ ಹಾಗೆ ಅನ್ನಿಸುತ್ತದೆ. ಅದೇ ದನಿ. "ನನ್ನ ಅಟ್ಟದ ಬೆಲ್ಲವೇ, ನನ್ನ ಹೊಲದ ಹಸಿ ತೆನಿಯೇ, ಹಡದಾಕಿನ್ನ ಬಿಟ್ಟು ಎತ್ತ ಹೊಂಟ್ಯೋ ಮಗನೇ" ಎಂದು ಎದೆ ಬಡಿದುಕೊಂಡಳು. ಟಾಕೀಜು ಬಿದ್ದು ಬಿದ್ದು ನಕ್ಕಿತು. ಸೀಟಿ ಹೊಡೆದರು. ಯಾರೋ "ಆಯೀ, ಹೆಣ ಎದ್ದು ಬರ್ತದ ತಡೀ!" ಎಂದ. ಅಜ್ಜ ಪಟಗ ಕೈಯಲ್ಲಿ ಹಿಡಿದು ಎಲ್ಲರ ಕಾಲು ತುಳಿಯುತ್ತ ಹೊರಗೆ ಹೋದ. ಅವನ ಹಿಂದೆ ನೀನು ಎದ್ದೆ. ಆಟ ಬಿಟ್ಟು ನಾವು ಹೊರಗೆ ಬಂದಾಗ ನೀನಿರಲಿಲ್ಲ. ಅಜ್ಜ ಚಹಾದ ಅಂಗಡಿಯಲ್ಲಿ ರಸ್ತೆಗೆ ಬೆನ್ನು ಮಾಡಿ ಕೂತಿದ್ದ. ಆ ಬೆನ್ನನ್ನೇ ನೀನೂ ನೋಡಿರಬೇಕು.

ಕಾಕಾ, ಅಜ್ಜಿ ಮೋಸ ಹೋಗಿ ಅಳಲಿಲ್ಲ. ಅದಕ್ಕೆ ಒಂದು ವಾರ ಮೊದಲು ನಲ್ಲಿಯ ಹತ್ತಿರ ನೀನು ನೀರು ತುಂಬುವಾಗ ಕಾಗೆ ನಿನ್ನ ತಲೆಗೆ ಬಡಿದು ಹೋಗಿತ್ತಲ್ಲ? ನೀನು ನಕ್ಕು ಮರೆತೆ. ಅಜ್ಜಿ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಕಾಗೆ ಬಡಿಸಿಕೊಂಡವನು ಸತ್ತನೆಂದು ಬೀಗರಿಗೆ ಸುಳ್ಳು ಸುದ್ದಿ ಕಳಿಸಿ, ಅವರು ನಂಬಿ ಅತ್ತರೆ ಕುತ್ತು ಕಳೆಯುತ್ತದೆಂಬುದು ಹಿಂದಿನಿಂದ ಬಂದ ದಾರಿ. ಅಜ್ಜಿ ಸಗರಕ್ಕೆ ಕೊಟ್ಟ ಅತ್ತೆಗೆ ಫೋನು ಹಚ್ಚಿಸಿ ಅಳಲು ಬಾಯಿ ತೆರೆದಳು. ಅತ್ತೆ, "ಸುಳ್ಳ ಹೇಳಬ್ಯಾಡ ಯವ್ವಾ, ರಾಮಲಿಂಗ ಈಗರೆ ಸ್ಟೇಟಸ್ ಹಾಕ್ಯಾನ, ಕಲ್ಲಂಗಡಿ ತಿನ್ನಾಕತ್ತಾನ" ಎಂದಳು. ಮೊಬೈಲು ಬಂದ ಮೇಲೆ ಊರಿನಲ್ಲಿ ಸುಳ್ಳೇ ಸಾಯುವುದು ಎಷ್ಟು ಕಷ್ಟವಾಗಿದೆ ನೋಡು. ಹಾಗಿರುವಾಗ ದೇವರೇ ನಿನ್ನನ್ನು ಚಟ್ಟದ ಮೇಲೆ ಮಲಗಿಸಿ, ಮುನ್ನೂರು ಜನ ಸಾಕ್ಷಿ ಕೂರಿಸಿಕೊಟ್ಟರೆ ಅಜ್ಜಿ ಬಿಡುತ್ತಾಳೆಯೇ? ಜನ ನಗುತ್ತಿದ್ದದ್ದು ಅವಳಿಗೆ ಕೇಳಿಸಿತ್ತು. "ನಕ್ಕರ ನಗವಲ್ರ್ಯಾಕ, ನನ್ನ ಕೂಸು ಉಳೀಲಿ" ಎಂದು ಕ್ರೂಸರಿನಲ್ಲಿ ಹೇಳಿದಳು. ಕೇಳಲು ನೀನಿರಲಿಲ್ಲ.

ಆದರೆ ಅವಳ ಲೆಕ್ಕದಲ್ಲಿ ಕೆಲಸ ಅರ್ಧವೇ ಆಗಿದೆ. ಅತ್ತವರ ಕೈಯ ತುತ್ತು ಬದುಕಿದವನ ಬಾಯಿಗೆ ಬಿದ್ದರೆ ಮಾತ್ರ ಕುತ್ತು ಪೂರ್ತಿ ಹೋಗುತ್ತದಂತೆ. ಅಲ್ಲಿಯ ತನಕ ಅಜ್ಜಿ ಬೇರೆ ಯಾರಿಗೂ ಅಳುವುದಿಲ್ಲ ಎಂದು ಕೂತಿದ್ದಾಳೆ. ಈ ಏಳು ತಿಂಗಳಲ್ಲಿ ನಮ್ಮ ಓಣಿಯಲ್ಲಿ ಮೂರು ಸಾವಾದವು, ಮೂರಕ್ಕೂ ಕರೆಯಲು ಬಂದರು, ಮೂವರನ್ನೂ ಚಹಾ ಕುಡಿಸಿ ಕಳಿಸಿದಳು. ಹಿರಿಯರು ಈಗ ಕಾಯಿಲೆ ಬೀಳಲೂ ಹಿಂಜರಿಯುತ್ತಿದ್ದಾರೆ. ಕಟ್ಟೆಯ ಮೇಲಿನ ಸುಲ್ತಾನಸಾಬ ಅಜ್ಜ ನನ್ನನ್ನು ಕಂಡಾಗಲೆಲ್ಲ, "ನಿಮ್ಮ ಕಾಕಾ ಬಂದನೇನವಾ? ನಂದೂ ವಯಸ್ಸಾತು, ಮಲ್ಲವ್ವ ಅಳಲಿಲ್ಲಂದ್ರ ಹ್ಯಾಂಗ ಹೋಗ್ಲಿ" ಎಂದು ಕೇಳುತ್ತಾನೆ. ಒಂದು ಊರಿನ ಸಾವುಗಳನ್ನೆಲ್ಲ ನೀನು ತಡೆಹಿಡಿದಿದ್ದೀ, ಇದು ಸಣ್ಣ ಅಪರಾಧವಲ್ಲ.

ಇನ್ನು ಅಜ್ಜ. ದೀಪಾವಳಿಗೆ ನಿನ್ನ ಸಿನೆಮಾ ಟಿವಿಯಲ್ಲಿ ಬಂತು. ಚಟ್ಟ ಬಂದದ್ದೇ ಅಜ್ಜ ಮತ್ತೆ ಗೋಡೆ ಹಿಡಿದು ಎದ್ದ. ನಾನು ಮೊಬೈಲಿನಲ್ಲಿ ಆ ನಲವತ್ತು ಸೆಕೆಂಡನ್ನು ಹಿಡಿದುಕೊಳ್ಳುತ್ತಿದ್ದೆ, ಬಾಯಿ ಸುಮ್ಮನಿರಬೇಕಲ್ಲ, "ಅಜ್ಜಾ, ಎಂಥಾ ಕೆಟ್ಟ ಆಕ್ಟಿಂಗ್ ನೋಡು, ಹೆಣದ ಹೊಟ್ಟಿ ಅಳ್ಳಾಡಾಕತ್ತದ" ಎಂದೆ. ಅಜ್ಜ ನಿಂತಲ್ಲೇ ನಿಂತ. "ಎಲ್ಲಿ?" ಎಂದ. ಮೊಬೈಲು ತೋರಿಸಿದೆ. ಇಪ್ಪತ್ತಾರನೆಯ ಸೆಕೆಂಡು, ಬಿಳಿ ಬಟ್ಟೆ ಸಣ್ಣಗೆ ಏರಿ ಇಳಿಯುತ್ತದೆ. ಅಜ್ಜ ಅಲ್ಲೇ ನೆಲಕ್ಕೆ ಕೂತು, "ಇನ್ನೊಮ್ಮಿ ಹಚ್ಚು" ಎಂದ. ನಾಲ್ಕು ಸಲ ಹಚ್ಚಿದೆ. ಆಮೇಲೆ ಹೇಳಿದ. ನಿನಗೆ ಏಳು ವರ್ಷವಿದ್ದಾಗ ಕಾಲುವೆಗೆ ಬಿದ್ದಿದ್ದೆಯಂತೆ. ಅಜ್ಜನೇ ಜಿಗಿದು ಎತ್ತಿ ದಂಡೆಯ ಮೇಲೆ ಅಂಗಾತ ಹಾಕಿದನಂತೆ. ಉಸಿರಿರಲಿಲ್ಲ. ಒತ್ತುತ್ತ, ಕರೆಯುತ್ತ, ನಿನ್ನ ಹೊಟ್ಟೆಯನ್ನೇ ನೋಡುತ್ತ ಕೂತನಂತೆ. ಟಾಕೀಜಿನಲ್ಲಿ ಅದೇ ಮುಖ ಅಷ್ಟು ದೊಡ್ಡದಾಗಿ ಬಂತು. ಹೊಟ್ಟೆ ಅಲುಗುವ ತನಕ ಕಾಯುವ ಶಕ್ತಿ ಇನ್ನೊಂದು ಸಲ ಇರಲಿಲ್ಲ, ಅದಕ್ಕೇ ಎದ್ದುಹೋದೆ ಎಂದ. ಈಗ ದಿನಾ ಮಧ್ಯಾಹ್ನ ಉಂಡು ಕೈ ತೊಳೆದ ಮೇಲೆ, "ಏ ಲಚ್ಚಿ, ಅಂವ ಉಸಿರಾಡೂದು ಹಚ್ಚು" ಎಂದು ಕೇಳುತ್ತಾನೆ. ನೋಡಿ, ಮೊಬೈಲು ಎದೆಯ ಮೇಲಿಟ್ಟುಕೊಂಡು, ಬಾಗಿಲಿನ ಬಿಸಿಲಿಗೆ ಕಾಲು ಚಾಚಿ ನಿದ್ದೆ ಹೋಗುತ್ತಾನೆ. ಅವನ ಎದೆಯ ಜೊತೆ ಮೊಬೈಲೂ ಏರಿ ಇಳಿಯುತ್ತದೆ, ಅದರೊಳಗೆ ನೀನೂ.

ಆದ್ದರಿಂದ ಮಂಡಳಿಯ ತೀರ್ಪು: ಸಿನೆಮಾ ಸಾಧಾರಣ. ಹಾಡು ಹೆಚ್ಚು, ಕಥೆ ಕಡಿಮೆ, ಖಳನಾಯಕನ ಮೀಸೆ ಒಂದು ದೃಶ್ಯಕ್ಕೆ ಒಂದೊಂದು ಥರ. ಹೆಣದ ಪಾತ್ರಧಾರಿಗೆ ಹೆಣವಾಗಲು ಬರುವುದಿಲ್ಲ. ಇನ್ನು ಮುಂದೆ ಅಂಥ ಪಾತ್ರ ಅವನಿಗೆ ಕೊಡಬಾರದು. ಚಂಚಿಯ ಲೆಕ್ಕ ಸಿಗಲಿಲ್ಲ, ಆ ದಿನ ಅಜ್ಜಿಯ ಎರಡೂ ಕೈ ಎದೆಯ ಮೇಲಿದ್ದವು.

ಎಳ್ಳಮಾಸಿ ಹಬ್ಬಕ್ಕೆ ಇನ್ನು ಒಂದೂವರೆ ತಿಂಗಳಿದೆ. ಭೂತಾಯಿಗೆ ಎಡೆ ತೋರಿಸಿ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಬುತ್ತಿ ಹೊರುವವರು ಬೇಕು, ಬಲಭುಜ ನೋಯುತ್ತಿದ್ದರೆ ಎಡಭುಜದ ಮೇಲೆ ಹೊತ್ತರಾಯಿತು. ಸಜ್ಜೆ ರೊಟ್ಟಿಯ ಮೊದಲ ತುತ್ತು ಅಜ್ಜಿಯ ಕೈಯಿಂದ, ಇದು ಅವಳ ಅಪ್ಪಣೆ. ಅಜ್ಜನ ಆಶೀರ್ವಾದ, ಅಪ್ಪನ ಹಿಟ್ಟು ಮೆತ್ತಿದ ಒಂದು ಬೆರಳಚ್ಚು (ಕಾಗದದ ಮೂಲೆಯಲ್ಲಿದೆ, ಏನು ಬರೀತಿ ಎಂದು ಬಗ್ಗಿ ಕೇಳಲು ಬಂದಾಗ ಬಿದ್ದದ್ದು), ಸುಲ್ತಾನಸಾಬ ಅಜ್ಜನ ಅವಸರದ ಸಲಾಮು, ಎಲ್ಲವನ್ನೂ ಒಟ್ಟಿಗೆ ಕಳಿಸಿದ್ದೇನೆ.

ಇಂತಿ ನಿನ್ನ ಮಾರಿ ನೋಡದೆ ಖರೇ ಹೇಳುವ
ಲಚ್ಚಿ

ತಾ.ಕ.: ಸರದಾರಸಾಬ ತಂದ ಮಾತು. ಆ ದಿನ ಟಾಕೀಜಿನಿಂದ ನಿನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡುವಾಗ ನೀನು ಮೊಬೈಲು ನೋಡಿ, "ನಮ್ಮಣ್ಣನ ಪಾಲಿಗೆ ನಾ ಸತ್ತೀನಿ ಸಾಬ" ಎಂದೆಯಂತೆ. ಇಷ್ಟು ದಿನ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದವನು ಮೊನ್ನೆ ನಿನ್ನನ್ನು ನೋಡಿ ಬಂದ ಮೇಲೆ ಬಾಯಿ ಬಿಟ್ಟ. ಅಪ್ಪನ ನಂಬರಿನಿಂದ ಬಂದಿತ್ತಲ್ಲ, ಚಟ್ಟದ ಮೇಲಿನ ನಿನ್ನ ಫೋಟೋ, ಸುತ್ತ ಹೂವಿನ ಹಾರ, ಕೆಳಗೆ "ಭಾವಪೂರ್ಣ ಶ್ರದ್ಧಾಂಜಲಿ, ಶೋಕತಪ್ತ ಅಣ್ಣ ತಿರುಪತಿ"? ಅದನ್ನು ಮಾಡಿದವಳು ನಾನು. ನನ್ನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ, ಅಪ್ಪನದು ನನ್ನ ಕೈಯಲ್ಲಿತ್ತು. ಟಾಕೀಜಿನ ಕತ್ತಲಲ್ಲಿ ಕೂತು ನಗುತ್ತ ಮಾಡಿದೆ, ನೀನೂ ನಗುತ್ತೀ ಎಂದುಕೊಂಡೆ. ಕಳಿಸಿದ ಮೇಲೆ ಅವನ ಫೋನಿನಿಂದ ಅಳಿಸಿದೆ. ಅಪ್ಪ ಅದನ್ನು ನೋಡಿಯೇ ಇಲ್ಲ, ಇವತ್ತಿಗೂ ಗೊತ್ತಿಲ್ಲ. ಜನ ನಕ್ಕರೆಂದು ನೀನು ಹೋದೆ ಅಂದುಕೊಂಡು ಏಳು ತಿಂಗಳು ಎಲ್ಲರನ್ನೂ ಬೈದೆ, ನನ್ನನ್ನು ಬಿಟ್ಟು. ತಪ್ಪಾಯಿತು ಕಾಕಾ. ಇದರಲ್ಲಿ ತಮಾಷೆ ಏನೂ ಇಲ್ಲ. ಈ ಪತ್ರವನ್ನು ಮೊದಲು ಅಂಚೆ ಡಬ್ಬಿಗೆ ಹಾಕಿ, ವಾಪಸು ತೆಗೆಯಲು ಬರದಂತೆ ಮಾಡಿಕೊಂಡು, ಆಮೇಲೆ ಈ ಕಟ್ಟೆಗೇ ಬಂದು ಅಪ್ಪನಿಗೆ ಹೇಳುತ್ತೇನೆ. ಅಪ್ಪ ಕೈ ಎತ್ತಿದಾಗಲೆಲ್ಲ ನಡುವೆ ಬಂದು ನಿಲ್ಲುತ್ತಿದ್ದವನು ನೀನೊಬ್ಬನೇ. ಈ ಸಲ ಒಬ್ಬಳೇ ನಿಲ್ಲುತ್ತೇನೆ. ಮುಂದಿನ ಸಲಕ್ಕೆ ನೀನು ಊರಲ್ಲಿರು.